ನಲವತ್ತೊಂದನೆಯ ಜೋಡು

ಈ ಸಲ ಯುಗಾದಿಗೆ ನಮ್ಮ ಮನೆಯ ಹೋಳಿಗೆ ಗ್ರೀಸಿನ ವಾಸನೆ ಹೊಡೆಯಿತು. ಹಾಗೆಂದು ಕಂಡುಹಿಡಿದವರು ನಮ್ಮ ಅತ್ತೆ. ಬೆಂಗೇರಿಯಿಂದ ಹಬ್ಬಕ್ಕೆಂದು ಬಂದವರು ಮೊದಲ ತುತ್ತಿಗೇ ಕೈ ನಿಲ್ಲಿಸಿದರು.

"ಹೂರಣ ಯಾಕೋ ರೈಲ್ವೆ ಸ್ಟೇಶನ್ ನಾರಿದಂಗ ನಾರತೈತಲ್ಲ?" ಅಂದರು.

ಹೆಂಡತಿ ಒಳಗೆ ಹೋಗಿ ಸಾಕ್ಷಿ ಸಮೇತ ಬಂದಳು. ಬೆಲ್ಲದ ಪೆಂಟೆ ಒಡೆಯಲು ಅವಳು ವರ್ಷಗಳಿಂದ ಬಳಸುವ ಸುತ್ತಿಗೆ. ಮೊಳದುದ್ದದ ಜಾಲಿ ಕಟ್ಟಿಗೆಯ ಹಿಡಿ, ಒಂದು ಕಡೆ ಸವೆದ ಕಬ್ಬಿಣದ ತಲೆ. ಬಿಸಿನೀರು, ಸಾಬೂನು, ಹುಣಸೆಹಣ್ಣು ಎಲ್ಲ ಹಾಕಿ ತೊಳೆದಿದ್ದಾಳೆ, ಆದರೂ ಬೇಸಿಗೆಯ ಬಿಸಿಲು ಏರಿತೆಂದರೆ ಆ ಹಿಡಿಯೊಳಗಿನ ಗ್ರೀಸು ತಾನಾಗಿ ಬೆವರುತ್ತದೆ. ನಾನು ಅದನ್ನು ಮೂಗಿಗೆ ಹಿಡಿದು ನೋಡಿದೆ. ನಿಜವೇ. ಗ್ರೀಸು, ಸೀಮೆಎಣ್ಣೆ, ಜತೆಗೆ ಒಣಗಿದ ಗುಲ್‌ಮೊಹರ್ ಎಲೆಯ ಧೂಳು... ಕೀಮನ್ ಕಾಕಾ ನಮ್ಮ ಊಟದ ಮನೆಗೆ ಬಂದು ನಿಂತ ಹಾಗಾಯಿತು.

ಏಳೆಂಟು ವರ್ಷದ ಹಿಂದಿನ ಮಾತು. ಆಗ ನಾನು ಹುಬ್ಬಳ್ಳಿಯ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರದ ಅತಿಥಿ ಉಪನ್ಯಾಸಕ. ಪರೀಕ್ಷೆ ಮುಗಿದು ಏಪ್ರಿಲ್ ಬಂತೆಂದರೆ ಅತಿಥಿಗಳನ್ನು ಕೈಮುಗಿದು ಕಳಿಸಿಬಿಡುತ್ತಾರೆ, ಮತ್ತೆ ಜೂನಿನಲ್ಲೇ ಕರೆಯುವುದು. ಆ ಎರಡು ತಿಂಗಳು ಸಂಬಳವಿಲ್ಲ. ಆ ವರ್ಷ ಪರಿಚಯದವರೊಬ್ಬರು ಒಂದು ಕೆಲಸ ಹೇಳಿದರು. ಊರಿನ ದೊಡ್ಡ ಉದ್ಯಾನವೊಂದರಲ್ಲಿ ಪ್ರವಾಸಿಗರಿಗೆಂದು ಒಂದು ಪುಟಾಣಿ ರೈಲಿತ್ತು, ಬೇಸಿಗೆ ರಜೆಯಲ್ಲಿ ಮಾತ್ರ ಓಡುವಂಥದ್ದು. ಅದರ ಹಳಿ ನೋಡಿಕೊಳ್ಳಲು ಸೀಜನ್ನಿಗೆ ಒಬ್ಬ ಆಳು ಬೇಕಾಗಿತ್ತು. ಕಳೆ ಕೀಳುವುದು, ಎಲೆ ಗುಡಿಸುವುದು, ಬೋಲ್ಟು ಬಿಗಿಯುವುದು, ಎಣ್ಣೆ ಹಾಕುವುದು. ಭೌತಶಾಸ್ತ್ರಕ್ಕೆ ಹತ್ತಿರದ ಕೆಲಸವೇ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡು ಒಪ್ಪಿದೆ. ಮನೆಯ ಹೊರಗೆ ಯಾರಿಗೂ ಹೇಳಲಿಲ್ಲ. ತಲೆಗೆ, ಮುಖಕ್ಕೆ ಸೇರಿಸಿ ಟವೆಲ್ಲು ಸುತ್ತಿಕೊಂಡು ಹೋಗುತ್ತಿದ್ದೆ. ಬಿಸಿಲಿಗೆ ಎಂದು ಹೆಂಡತಿಗೆ ಹೇಳಿದ್ದೆ, ಆದರೆ ನಾನು ಹೋಗುತ್ತಿದ್ದುದು ಬೆಳಿಗ್ಗೆ ಆರು ಗಂಟೆಗೆ.

ಅಲ್ಲಿ ನನ್ನ ಮೇಲಿನ ಅಧಿಕಾರಿ ಕೀಮನ್ ಕಾಕಾ. ಕೀಮನ್ ಅಂದರೆ ರೈಲ್ವೆಯಲ್ಲಿ ದಿನಾ ಹಳಿಯ ಗುಂಟ ಮೈಲುಗಟ್ಟಲೆ ನಡೆದು, ಕೀಲು, ಬೋಲ್ಟುಗಳನ್ನು ಸುತ್ತಿಗೆಯಿಂದ ತಟ್ಟಿ ನೋಡುವವನು. ಕಾಕಾ ಜೀವಮಾನವೆಲ್ಲ ಅದನ್ನೇ ಮಾಡಿ ನಿವೃತ್ತರಾಗಿ, ಗೋಪನಕೊಪ್ಪದಲ್ಲಿ ಮಗನ ಮನೆಯಲ್ಲಿದ್ದರು. ಹಣೆಯ ಮೇಲೆ ಮೂರು ಬೆರಳು ವಿಭೂತಿ, ಗರಗದ ಖಾದಿ ಅಂಗಿ, ಕಿಸೆಯಲ್ಲಿ ಸೀಟಿ, ಕಂಕುಳಲ್ಲಿ ಕೆಂಪು ಹಸಿರು ಬಾವುಟ. ಇಷ್ಟೆಲ್ಲ ಇದ್ದದ್ದು ಒಂದು ಕಿಲೋಮೀಟರೂ ಇಲ್ಲದ, ಹೊರಟಲ್ಲಿಗೇ ಬಂದು ನಿಲ್ಲುವ ಒಂದು ರೈಲಿಗೆ. ಅದಕ್ಕೆ ನಾಲ್ಕು ಬೋಗಿ, ಹೊಗೆ ಬಾರದ ತಗಡಿನ ಚಿಮಣಿ, ಒಳಗೆ ಆನೆ ಹುಲಿಗಳ ಚಿತ್ರ ಬರೆದ ಒಂದು ಸಿಮೆಂಟಿನ ಸುರಂಗ.

ಮೊದಲ ದಿನ ಕಾಕಾ ನನ್ನ ಮುಖವನ್ನೇ ದಿಟ್ಟಿಸಿ ಸಂದರ್ಶನ ಮಾಡಿದರು.

"ಏನ ಕಲಸ್ತೀರಿ ನೀವು?"

"ಭೌತಶಾಸ್ತ್ರ ರೀ."

"ಟವೆಲ್ ತಗದ ಹೇಳ್ರಿ."

ಟವೆಲ್ಲು ತೆಗೆದು ಮತ್ತೆ ಹೇಳಿದೆ.

"ಅದ್ರಾಗ ಶಬ್ದದ ಬಗ್ಗೆ ಏನರ ಬರತೈತೇನು?"

"ಒಂದ ಪಾಠ ಐತ್ರಿ."

"ಸಾಕ. ನಡೀರಿ," ಅಂದರು.

ಕಾಕಾನ ಪ್ರಕಾರ ಅದು ಆಟಿಕೆ ರೈಲಲ್ಲ, ರೈಲು. ಹತ್ತು ತಿಂಗಳು ತಾಡಪತ್ರಿಯ ಕೆಳಗೆ ಮಲಗಿದ್ದ ಅದನ್ನು ಎಬ್ಬಿಸಿದ ದಿನ ಮೂರನೆಯ ಬೋಗಿಯಲ್ಲಿ ನಾಯಿ ಮರಿ ಹಾಕಿತ್ತು. ಕಾಕಾ ತಮ್ಮ ದಪ್ಪ ರಜಿಸ್ಟರ್ ತೆರೆದು ಬರೆದರು: "ಬೋಗಿ ಮೂರು. ನಾಯಿ ಒಂದು, ಮರಿ ಐದು. ಟಿಕೇಟು ಇರುವುದಿಲ್ಲ. ಇಳಿಸಲಾಗಿದೆ." ಹಳಿ ದಾಟುವ ಮಾಲಿಯನ್ನು ನಿಲ್ಲಿಸಿ ಎಡಕ್ಕೆ ಬಲಕ್ಕೆ ನೋಡಿಸುತ್ತಿದ್ದರು, ರೈಲು ಇನ್ನೂ ಶೆಡ್ಡಿನಲ್ಲಿ ಇರುವಾಗಲೇ. ನಾನು ಕಸದ ಗಾಡಿ ತಳ್ಳಿಕೊಂಡು ಹೊರಟರೂ ಹಸಿರು ಬಾವುಟ ತೋರಿಸುತ್ತಿದ್ದರು. ಎರಡು ಹಳಿಗಳ ತುದಿಯನ್ನು ಕೂಡಿಸಿ ಬಿಗಿಯುವ ಕಬ್ಬಿಣದ ಪಟ್ಟಿಗೆ ಫಿಶ್‌ಪ್ಲೇಟು ಎನ್ನುತ್ತಾರೆ. ಅದನ್ನು ಮುಟ್ಟಿದಾಗಲೆಲ್ಲ, "ಲಿಂಗಾ ಹಿಡಿಯೂ ಕೈಯಾಗ ನಾ ಹಿಡದ ಮೀನ ಅಂದ್ರ ಇದೊಂದ," ಎಂದು ತಾವೇ ಹೇಳಿ ತಾವೇ ನಗುತ್ತಿದ್ದರು.

ಹಾಗೆ ಹಳಿಯ ತುದಿಗಳು ಕೂಡುವ ಜೋಡುಗಳು ನಮ್ಮ ಲೈನಿನಲ್ಲಿ ನೂರಾ ಹದಿನೆಂಟು. ಪ್ರತಿಯೊಂದಕ್ಕೂ ಬಿಳಿ ಬಣ್ಣದಲ್ಲಿ ಕಾಕಾ ನಂಬರು ಬರೆದಿದ್ದರು. ದಿನಾ ಬೆಳಿಗ್ಗೆ ನಾವಿಬ್ಬರೂ ಒಂದರಿಂದ ಶುರು ಮಾಡುತ್ತಿದ್ದೆವು. ಕಾಕಾ ಬಗ್ಗಿ ಸುತ್ತಿಗೆಯಿಂದ ಬೋಲ್ಟಿಗೆ ಒಂದು ತಟ್ಟು ತಟ್ಟುವುದು, ತಲೆ ಎತ್ತಿ ನನ್ನ ಮುಖ ನೋಡುವುದು.

"ಹೇಳ್ರಿ ಮಾಸ್ತರ್ರ. ಏನಂತು?"

"ಟಣ್ ಅಂತುರಿ."

"ಅಂದ್ರ?"

"ಛಲೋ ಐತ್ರಿ."

ಟಣ್ ಅಂದರೆ ಬಿಗಿ, ಠಪ್ ಅಂದರೆ ಸಡಿಲ. ಅಷ್ಟೇ ಪಾಠ. ಠಪ್ ಅಂದದ್ದಕ್ಕೆ ನಾನು ಪಾನಾ, ಅಂದರೆ ಸ್ಪ್ಯಾನರು, ಹಾಕಿ ಬಿಗಿಯಬೇಕು, ಕಾಕಾ ಮತ್ತೆ ತಟ್ಟಬೇಕು, ಮತ್ತೆ ನನ್ನನ್ನು ಕೇಳಬೇಕು. ಹೀಗೆ ನೂರಾ ಹದಿನೆಂಟು ಸಲ. ವರ್ಷಗಟ್ಟಲೆ ವಿದ್ಯಾರ್ಥಿಗಳಿಗೆ ಪ್ರಶ್ನೆ ಕೇಳಿ ಪೀಡಿಸಿದ್ದ ಪಾಪ ಈಗ ಒಟ್ಟಿಗೆ ತಿರುಗಿಬಂದಿದೆ ಅನಿಸುತ್ತಿತ್ತು. ಒಂದು ವಾರ ಕಳೆದ ಮೇಲೆ, "ಕಾಕಾ, ನಾ ಪಾಸಾದೆನಿಲ್ಲೋ?" ಎಂದು ಕೇಳಿದೆ. ಅವರು ನನ್ನ ತುಟಿಗಳನ್ನೇ ನೋಡುತ್ತಿದ್ದವರು ಗಂಭೀರವಾಗಿ, "ಹಳಿ ಪರೀಕ್ಷಾದಾಗ ಪಾಸಾಗೂದು ಅನ್ನೂದಿಲ್ಲ ಮಾಸ್ತರ್ರ, ದಿನಾ ಕುಂದರಬೇಕು," ಅಂದರು.

ನಮ್ಮಿಬ್ಬರ ಮೇಲೆ ಒಬ್ಬ ಮ್ಯಾನೇಜರ್ ಇದ್ದ, ಗುತ್ತಿಗೆದಾರರ ಕಡೆಯವನು. ತಂಪು ಕನ್ನಡಕ ತಲೆಗೆ ಏರಿಸಿಕೊಂಡ ಎಳೆ ವಯಸ್ಸಿನವ. ಅವನು ಏನೇ ಹೇಳಿದರೂ ಕಾಕಾ, "ನಿಯಮದ ಪ್ರಕಾರ ಆಗತೈತ್ರಿ ಸಾಹೇಬ್ರ," ಎಂದುಬಿಡುತ್ತಿದ್ದರು. ಚಾ ತರಿಸಲೇ ಎಂದರೂ ಅದೇ ಉತ್ತರ. ರೈಲಿಗೆ ಗುಲಾಬಿ ಬಣ್ಣ ಹೊಡೆಸೋಣ ಎಂದರೂ ಅದೇ. ಒಂದು ದಿನ ಅವನು ನನ್ನನ್ನು ಪಕ್ಕಕ್ಕೆ ಕರೆದ.

"ಸರ, ಕಾಕಾರಿಗೆ ವಯಸ್ಸಾತು. ಈ ವರ್ಷ ಏನರ ಹೆಚ್ಚುಕಡಿಮಿ ಆತಂದ್ರ ಅವ್ರನ್ನ ಮನೀಗಿ ಕಳಸೂದ ನೋಡ್ರಿ. ನೀವ ಸ್ವಲ್ಪ ಲಕ್ಷ್ಯ ಇಡ್ರಿ."

ಆ ಮಧ್ಯಾಹ್ನ ರೊಟ್ಟಿ ಬುತ್ತಿ ಬಿಚ್ಚಿದಾಗ ನಾನು ಸುಮ್ಮನೆ ಕೇಳಿದೆ, ಈ ಬಿಸಿಲಿನಲ್ಲಿ ಯಾಕೆ ಒದ್ದಾಡುತ್ತೀರಿ ಕಾಕಾ, ಪಿಂಚಣಿ ಬರುತ್ತದಲ್ಲ ಎಂದು. ಕಾಕಾ ಶೇಂಗಾ ಹಿಂಡಿಯ ಮೇಲೆ ಎಣ್ಣೆ ಹಾಕಿಕೊಳ್ಳುತ್ತ ಹೇಳಿದರು:

"ಮಗಾ ಸೊಸಿ ಛಲೋ ನೋಡ್ಕೋತಾರ, ಸುಳ್ಳ ಹೇಳಬಾರದು. ಆದ್ರ ಹತ್ತ ತಿಂಗಳ ಮನ್ಯಾಗ ನಾ ಕುರ್ಚಿ ಇದ್ದಂಗರಿ. ಕಸಾ ಹೊಡಿಯೂ ಮುಂದ ಆ ಕಡೆ ಸರಸ್ತಾರ, ಆಮ್ಯಾಲೆ ಈ ಕಡೆ ಸರಸ್ತಾರ. ಈ ಎರಡ ತಿಂಗಳ ನಾ ಮನಶ್ಯಾ."

ಮ್ಯಾನೇಜರ್ ಹೇಳಿದ್ದನ್ನು ನಾನು ಕಾಕಾನಿಗೆ ಹೇಳಲಿಲ್ಲ. ಇನ್ನಷ್ಟು ಗಮನವಿಟ್ಟು ಕೇಳಬೇಕೆಂದು ಮನಸ್ಸಿನಲ್ಲೇ ನಿಶ್ಚಯ ಮಾಡಿದೆ. ಆ ನಿಶ್ಚಯ ಸರಿಯಾಗಿ ಒಂಬತ್ತು ದಿನ ಉಳಿಯಿತು.

ಹತ್ತನೆಯ ದಿನ ರೈಲಿನ ಉದ್ಘಾಟನೆ. ಬೆಳಿಗ್ಗೆ ನಾವು ತಟ್ಟುತ್ತ ತಟ್ಟುತ್ತ ನಲವತ್ತೊಂದನೆಯ ಜೋಡಿನ ಹತ್ತಿರ ಬಂದೆವು. ಅದು ಸುರಂಗ ದಾಟಿದ ಮೇಲೆ, ಗುಲ್‌ಮೊಹರ್ ಗಿಡದ ಬುಡದ ತಿರುವಿನಲ್ಲಿ. ಅಲ್ಲಿಯೇ ಪಕ್ಕದ ಹುಲ್ಲಿನ ಮೇಲೆ ಬೆಳಗಿನ ನಗೆ ಕೂಟದವರು ವರ್ತುಲಾಕಾರವಾಗಿ ನಿಂತು, ಕೈ ಮೇಲೆತ್ತಿ, ಹೊಟ್ಟೆ ಕುಲುಕಿಸಿ ಹ್ಹ ಹ್ಹ ಹ್ಹಾ ಎನ್ನುತ್ತಿದ್ದರು. ಅವರ ನಡುವೆ, ಎಲ್ಲರಿಗಿಂತ ಜೋರಾಗಿ ನಗುತ್ತ, ನಮ್ಮ ಪ್ರಿನ್ಸಿಪಾಲರು!

ಕಾಲೇಜಿನಲ್ಲಿ ಆ ಮಹಾಶಯರ ಹಲ್ಲು ಕಂಡವರಿರಲಿಲ್ಲ. ಅಂಥವರು ಬರ್ಮುಡಾ ಹಾಕಿಕೊಂಡು ಆಕಾಶ ನೋಡಿ ನಗುತ್ತಿದ್ದಾರೆ. ನಾಚಬೇಕಾದವರು ಅವರು. ಆದರೆ ನಾಚಿಕೊಂಡವನು ನಾನು. ಕೈಯಲ್ಲಿ ಪಾನಾ, ಅಂಗಿಗೆ ಗ್ರೀಸು... ನೋಡಿಬಿಟ್ಟರೆ ಜೂನಿನಲ್ಲಿ ಸ್ಟಾಫ್ ರೂಮಿನಲ್ಲಿ ಏನು ಮುಖ ತೋರಿಸಲಿ? ಕಾಕಾನಿಗೆ ನನ್ನ ಮುಖ ಕಾಣಲೆಂದು ಕೆಳಗಿಳಿಸಿದ್ದ ಟವೆಲ್ಲನ್ನು ಕಣ್ಣಿನ ತನಕ ಎಳೆದುಕೊಂಡು ಆ ಕಡೆ ಬೆನ್ನು ತಿರುಗಿಸಿದೆ. ಕಾಕಾ ಬಗ್ಗಿದರು. ಅವರು ತಟ್ಟಿದರೋ, ಕೂಟದವರು ನಕ್ಕರೋ, ಯಾವುದು ಮೊದಲಾಯಿತೋ ನನಗೆ ತಿಳಿಯಲಿಲ್ಲ. ಕಾಕಾ ನನ್ನ ತೋಳು ಮುಟ್ಟಿ ಮುಖ ನೋಡಿದರು. ಅವರು ಕೇಳುವ ಮೊದಲೇ ನಾನು ಟವೆಲ್ಲು ಸರಿಸಿ, "ಛಲೋ ಐತ್ರಿ, ಛಲೋ ಐತಿ, ನಡೀರಿ ಲಗೂ," ಅಂದುಬಿಟ್ಟೆ.

ಕಾಕಾ ಸುತ್ತಿಗೆಯನ್ನು ಮತ್ತೆ ಅರ್ಧ ಎತ್ತಿ ಇಳಿಸಿದರು. ಆಮೇಲೆ ನಲವತ್ತೆರಡಕ್ಕೆ ನಡೆದರು.

ಹತ್ತೂವರೆಗೆ ಉದ್ಘಾಟನೆ. ಪೇಟಾ ತೊಟ್ಟ ಗಣ್ಯರೊಬ್ಬರು ಬಂದರು. ಎಂಜಿನ್ನಿಗೆ ಹಾರ, ಊದಿನಕಡ್ಡಿ ಎಲ್ಲ ಆಯಿತು. ಮ್ಯಾನೇಜರ್ ತೆಂಗಿನಕಾಯಿ ಎತ್ತಿಕೊಂಡು ಹಳಿಯ ಮೇಲೆ ಒಡೆಯಲು ಬಗ್ಗಿದ. ಕಾಕಾ ಅಡ್ಡ ಬಂದರು.

"ಹಳಿ ಮ್ಯಾಲೆ ಕಾಯಿ ಒಡಿಯಾಕ ನಿಯಮದಾಗ ಇಲ್ಲರಿ ಸಾಹೇಬ್ರ. ಬಾಜೂಕ ಕಲ್ಲೈತಿ, ಅದರ ಮ್ಯಾಲೆ ಒಡೀರಿ."

"ಏ ಕಾಕಾ, ರೈಲ್ ಓಡೂದು ಹಳಿ ಮ್ಯಾಲೋ, ಕಲ್ಲಿನ ಮ್ಯಾಲೋ?" ಎಂದ ಮ್ಯಾನೇಜರ್ ಹಳಿಗೇ ಕುಟ್ಟಿದ. ಕಾಯಿ ನಾಲ್ಕು ಹೋಳಾಗಿ ಹಾರಿತು. ಕಾಕಾ ಮೊಣಕಾಲೂರಿ ಒಂದೊಂದೇ ಚಿಪ್ಪು ಆರಿಸಿ ಅಂಗಿಯ ಕಿಸೆಗೆ ಹಾಕಿಕೊಂಡು, ಅಂಗೈಯಿಂದ ಹಳಿ ಒರೆಸಿ, ಆಮೇಲೆ ಹಸಿರು ಬಾವುಟ ಬೀಸಿದರು.

ಗಣ್ಯರು ಎರಡನೆಯ ಬೋಗಿಯಲ್ಲಿ, ಅವರ ಹಿಂದೆ ಮಕ್ಕಳು ಮರಿ ಎಲ್ಲ. ರೈಲು ಸುರಂಗ ಹೊಕ್ಕಿತು. ಮಕ್ಕಳು ಕೂಗಿದರು. ರೈಲು ಸುರಂಗದಿಂದ ಹೊರಬಿತ್ತು. ಗುಲ್‌ಮೊಹರ್ ಗಿಡದ ತಿರುವಿನಲ್ಲಿ ಎಂಜಿನ್ನು ದಾಟಿತು, ಮೊದಲ ಬೋಗಿ ದಾಟಿತು, ಎರಡನೆಯ ಬೋಗಿ ಮಾತ್ರ ಕಟ್ಟೆಯ ಮೇಲೆ ಕೂರುವ ಅಜ್ಜನ ಹಾಗೆ ಮೆಲ್ಲಗೆ ಹಳಿ ಬಿಟ್ಟು ನೆಲದ ಮೇಲೆ ಕೂತುಬಿಟ್ಟಿತು. ಅದರ ವೇಗ ನಡೆಯುವವರಿಗಿಂತ ಕಡಿಮೆ ಇದ್ದುದರಿಂದ ಯಾರಿಗೂ ಏನೂ ಆಗಲಿಲ್ಲ. ಗಣ್ಯರ ಪೇಟಾ ಕಣ್ಣಿಗೆ ಇಳಿದಿತ್ತು, ಅವರು ಅದರ ಕೆಳಗಿಂದಲೇ ಫೋಟೋದವರಿಗೆ ಕೈ ಬೀಸುತ್ತಿದ್ದರು. ಇದೂ ಆಟದ ಭಾಗವೆಂದು ತಿಳಿದ ಮಕ್ಕಳು ಚಪ್ಪಾಳೆ ತಟ್ಟಿ, "ಇನ್ನೊಮ್ಮಿ! ಇನ್ನೊಮ್ಮಿ!" ಎಂದು ಕೂಗಿದವು.

ಕುಲುಕಿಗೆ ಎಲ್ಲಿ ತಂತಿ ತಾಗಿತೋ, ಎಂಜಿನ್ನಿನ ಹಾರ್ನು ಸಿಕ್ಕಿಕೊಂಡು ಒಂದೇ ಸಮನೆ ಒದರತೊಡಗಿತು. ಅಬ್ಬಾ, ಆ ಸದ್ದು! ಎಲ್ಲರೂ ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡರು. ಗಿಡದ ಮೇಲಿನ ಕಾಗೆಗಳೆಲ್ಲ ಎದ್ದುಹೋದವು. ನಾನು ಓಡಿಬಂದು ನೋಡಿದರೆ ಕಾಕಾ ಹಾರ್ನಿನಿಂದ ಎರಡು ಮಾರು ದೂರದಲ್ಲಿ, ಅದಕ್ಕೆ ಬೆನ್ನು ಮಾಡಿ ಕೂತಿದ್ದರು. ನಲವತ್ತೊಂದನೆಯ ಜೋಡಿನ ಬೋಲ್ಟನ್ನು ಹೆಬ್ಬೆರಳಿನಿಂದ ಅಲ್ಲಾಡಿಸಿ ನೋಡುತ್ತಿದ್ದರು. ಕಿವಿ ಮುಚ್ಚಿಕೊಂಡಿರಲಿಲ್ಲ. ತಿರುಗಿಯೂ ನೋಡಲಿಲ್ಲ. ಗುಡಿಯಲ್ಲಿ ಕೂತವರ ಹಾಗೆ ಶಾಂತವಾಗಿದ್ದರು.

ಕಾಕಾನಿಗೆ ಕಿವಿ ಕೇಳುತ್ತಿರಲಿಲ್ಲ.

ಇಷ್ಟು ದಿನ ನಡೆದದ್ದು ಪರೀಕ್ಷೆಯಾಗಿರಲಿಲ್ಲ. ಉತ್ತರ ಗೊತ್ತಿದ್ದು ಅವರು ನನ್ನನ್ನು ಕೇಳುತ್ತಿರಲಿಲ್ಲ, ಗೊತ್ತಿಲ್ಲದೆ ಕೇಳುತ್ತಿದ್ದರು. ದಿನಕ್ಕೆ ನೂರಾ ಹದಿನೆಂಟು ಸಲ ಅವರು ನನ್ನ ಕಿವಿಯಿಂದ ಕೇಳಿಸಿಕೊಂಡಿದ್ದರು. ಒಂದು ಸಲ ನಾನು ಪ್ರಿನ್ಸಿಪಾಲರಿಗೆ ಹೆದರಿ ಅವರಿಗೆ ಸುಳ್ಳು ಹೇಳಿದ್ದೆ.

ಹಾರ್ನು ನಿಂತಿತು. ಮ್ಯಾನೇಜರ್ ಉರಿಯುತ್ತ ಬಂದ. "ಯಾರ್ ತಪ್ಪಿದು? ಕಾಕಾ, ಬೆಳಿಗ್ಗೆ ಎಲ್ಲಾ ನೋಡಿನಿ ಅಂದಿದ್ರಿ?"

ನಾನು ತಪ್ಪೊಪ್ಪಿಕೊಂಡರೆ, ಕಾಕಾ ನಿನ್ನನ್ನು ಯಾಕೆ ಕೇಳುತ್ತಿದ್ದರು ಎಂಬ ಪ್ರಶ್ನೆ ಬರುತ್ತದೆ. ಸುಮ್ಮನಿದ್ದರೆ ತಪ್ಪು ಕಾಕಾನದು. ಎರಡರಲ್ಲೂ ಕಾಕಾ ಮನೆಗೆ. ಬಾಯಿಗೆ ಬಂದದ್ದು ಹೇಳಿದೆ.

"ಕಾಯಿ ಚಿಪ್ಪುರಿ! ಹಳಿ ಮ್ಯಾಲೆ ಒಡದ ಕಾಯಿದು ಒಂದು ಚಿಪ್ಪು ಗಾಲಿಗೆ ಸಿಕ್ಕೊಂಡು ಇಲ್ಲೀತನಕ ಬಂದೈತಿ. ಅದಕ್ಕ ಬೋಗಿ ಎತ್ತಿ ಹಾಕೇತಿ."

ಮ್ಯಾನೇಜರನ ಬಾಯಿ ಮುಚ್ಚಿತು. ಕಾಯಿ ಒಡೆದವನು ತಾನೇ. ಗಣ್ಯರು ಪೇಟಾ ಸರಿಮಾಡಿಕೊಳ್ಳುತ್ತ, "ಇರ್ಲಿ ಬಿಡ್ರಿ, ದೇವರ ಕಾರ್ಯ ಮಾಡೂ ಮುಂದ ಆಗತಾವ," ಅಂದರು. ನಾಲ್ಕು ಜನ ಕೂಡಿ ಬೋಗಿ ಎತ್ತಿ ಹಳಿಗೆ ಕೂರಿಸಿದರು, ನಾನು ಬೋಲ್ಟು ಬಿಗಿದೆ. ಮಧ್ಯಾಹ್ನದ ಹೊತ್ತಿಗೆ ರೈಲು ಓಡತೊಡಗಿತು. ನನ್ನ ಜಾಣತನಕ್ಕೆ ನಾನೇ ಬೆನ್ನು ಚಪ್ಪರಿಸಿಕೊಳ್ಳುವಷ್ಟು ಹಿಗ್ಗಿದ್ದೆ.

ಸಂಜೆ ಶೆಡ್ಡಿನಲ್ಲಿ ಕಾಕಾ ರಜಿಸ್ಟರ್ ತೆರೆದು, ಕಿಸೆಯಲ್ಲಿದ್ದ ತೆಂಗಿನ ಚಿಪ್ಪುಗಳನ್ನೆಲ್ಲ ತೆಗೆದು ಬೆಂಚಿನ ಮೇಲಿಟ್ಟರು. ಕೂಡಿಸಿದರೆ ಇಡೀ ಕಾಯಿಯಾಗುತ್ತಿತ್ತು. ಒಂದು ಚೂರೂ ಕಡಿಮೆಯಿರಲಿಲ್ಲ. ಆಮೇಲೆ ನಿಧಾನವಾಗಿ ಬರೆದು ಪುಸ್ತಕವನ್ನು ನನ್ನ ಕಡೆ ತಿರುಗಿಸಿದರು.

"ಜೋಡು ನಲವತ್ತೊಂದು. ಬೋಲ್ಟು ಸಡಿಲ. ತಟ್ಟಿದವನು ನಾನು. ನನಗೆ ಕೇಳಿಸುವುದಿಲ್ಲ. ಕಾಯಿಯದು ತಪ್ಪಿಲ್ಲ."

ನನ್ನ ಹೆಸರು ಎಲ್ಲಿಯೂ ಇರಲಿಲ್ಲ.

"ಕಾಕಾ, ನಾ ಕೇಳದನ ಹೇಳಿಬಿಟ್ಟೆ..." ಅಂದೆ. ಅವರಿಗೆ ನನ್ನ ತುಟಿ ಸಾಕಾಗಿತ್ತು.

"ಗೊತ್ತೈತಿ. ದಿನಾ ನಾ ಕೇಳಿದ ಮ್ಯಾಲೆ ಹೇಳ್ತಿದ್ರಿ. ಇವತ್ತ ನಾ ಬಾಯಿ ತಗಿಯೂದರಾಗ ಹೇಳಿದ್ರಿ. ಮತ್ತೊಮ್ಮಿ ತಟ್ಟಬೇಕಾಗಿತ್ತು ನಾನು. ತಟ್ಟಿದ್ರ, ಯಾಕ ಕಾಕಾ, ನಿಮಗ ಕೇಳಸಲಿಲ್ಲೇನು ಅಂತೀರಂತ ಅಂಜಿದೆ." ಚಿಪ್ಪುಗಳನ್ನು ಬೆಂಚಿನ ಅಂಚಿಗೆ ಸರಿಸಿದರು. "ಹೋದ ವರ್ಷ ಒಂದ ಕಿವಿ ಇತ್ತು. ಈ ವರ್ಷ ಅದೂ ಹೋತು. ಬರಬಾರದಾಗಿತ್ತು ನಾನು. ಆಸೆ ಬಿಡಲಿಲ್ಲ."

"ಮ್ಯಾನೇಜರ್ ಏನೂ ಅನ್ನಲಿಲ್ಲಲ್ರಿ ಕಾಕಾ. ಈ ಹಾಳಿ ಹರದ ಒಗೀರಿ. ನಾಳಿಂದ ನಾ ಖರೇನ ಕೇಳತೇನಿ."

ಕಾಕಾ ನಕ್ಕರು. "ರಜಿಸ್ಟರ್ ಹಾಳಿ ಹರಿಯಾಕ ನಿಯಮದಾಗ ಇಲ್ಲರಿ ಮಾಸ್ತರ್ರ," ಅಂದರು. ಸುತ್ತಿಗೆಯನ್ನು ನನ್ನ ಕೈಗಿಟ್ಟು, ಬಾವುಟ ಮಡಚಿ ಬೆಂಚಿನ ಮೇಲಿಟ್ಟು, ಹಳಿ ದಾಟುವ ಮೊದಲು ಎಡಕ್ಕೆ ಬಲಕ್ಕೆ ನೋಡಿ ಹೋದರು.

ತಮಾಷೆಯೆಂದರೆ ಆ ರಜಿಸ್ಟರನ್ನು ಯಾರೂ ಎಂದೂ ತೆರೆಯಲಿಲ್ಲ. ಮ್ಯಾನೇಜರ್ ನಾಲ್ಕು ದಿನ ಬಿಟ್ಟು, "ಕಾಕಾ ಯಾಕ ಬರವಲ್ರು?" ಎಂದು ನನ್ನನ್ನೇ ಕೇಳಿದ. ಕಾಕಾನನ್ನು ಕೆಲಸದಿಂದ ತೆಗೆದವರು ಕಾಕಾನೇ. ಸುದ್ದಿ ತಿಳಿದಿದ್ದು ನನಗೊಬ್ಬನಿಗೆ. ಆ ಉದ್ಯಾನದಲ್ಲಿ ಇಂದಿಗೂ ರೈಲಿನ ಕಾಯಿಯನ್ನು ಗೇಟಿನ ಹೊರಗೆ ಒಡೆಯುತ್ತಾರಂತೆ.

ಮರುದಿನ ಬೆಳಿಗ್ಗೆ ನಾನು ಒಬ್ಬನೇ ತಟ್ಟುತ್ತ ಹೋದೆ. ನಲವತ್ತೊಂದರ ಹತ್ತಿರ ನಗೆ ಕೂಟ ರಂಗೇರಿತ್ತು. ಟವೆಲ್ಲು ತೆಗೆದು ಹೆಗಲಿಗೆ ಹಾಕಿಕೊಂಡು ನೇರವಾಗಿ ಪ್ರಿನ್ಸಿಪಾಲರ ಮುಂದೆ ಹೋಗಿ ನಿಂತೆ.

"ನಮಸ್ಕಾರ ಸರ. ಒಂದೆರಡ ನಿಮಿಷ ನಗೂದು ಬಂದ್ ಮಾಡ್ರಿ. ಬೋಲ್ಟಿನ ಸಪ್ಪಳ ಕೇಳಬೇಕಾಗೇತಿ."

ಅವರು ಎತ್ತಿದ ಕೈ ಎತ್ತಿದ ಹಾಗೇ ನಿಂತರು. ಬರ್ಮುಡಾ ಕಡೆ ಒಮ್ಮೆ, ನನ್ನ ಪಾನಾದ ಕಡೆ ಒಮ್ಮೆ ನೋಡಿ, ಇಡೀ ಕೂಟವನ್ನು ಸುಮ್ಮನಾಗಿಸಿದರು. ಹನ್ನೆರಡು ಜನ ಉಸಿರು ಹಿಡಿದು ನಿಂತಿರಲು ನಾನು ತಟ್ಟಿದೆ. ಟಣ್ ಅಂತು. ಜೂನಿನಲ್ಲಿ ಸ್ಟಾಫ್ ರೂಮಿನಲ್ಲಿ ನಾವಿಬ್ಬರೂ ಈ ವಿಷಯ ಎತ್ತಲಿಲ್ಲ.

ಗೋಪನಕೊಪ್ಪಕ್ಕೆ ಹೋಗಬೇಕು, ಕಾಕಾನನ್ನು ನೋಡಬೇಕು ಎಂದು ಪ್ರತಿ ಬೇಸಿಗೆ ಅಂದುಕೊಳ್ಳುತ್ತಿದ್ದೆ. ಏನು ಮುಖ ಇಟ್ಟುಕೊಂಡು ಹೋಗಲಿ ಎಂದು ಸುಮ್ಮನಾಗುತ್ತಿದ್ದೆ. ಮುಖ ಮುಚ್ಚಿಕೊಳ್ಳುವ ಚಾಳಿ ಟವೆಲ್ಲಿನ ಜತೆ ಹೋಗಿರಲಿಲ್ಲ. ಹೋದದ್ದು ಹೋದ ವರ್ಷ. ಬಾಗಿಲು ತೆರೆದ ಸೊಸೆ, ಮಾವನವರು ತೀರಿಕೊಂಡು ವರ್ಷವಾಯಿತು ಎಂದರು. ಗೋಡೆಯ ಫೋಟೋದಲ್ಲಿಯೂ ಕಾಕಾ ನನ್ನ ಬಾಯಿಯನ್ನೇ ನೋಡುತ್ತಿದ್ದ ಹಾಗಿತ್ತು.

"ಕಡೀಕ ಕಡೀಕ ಒಂದ ನಮೂನಿ ಮಾಡ್ತಿದ್ರುರಿ," ಎಂದು ಆಕೆ ಚಾ ಕೊಡುತ್ತ ಹೇಳಿದರು. "ಚಮಚಾ ತಗೊಂಡು ಮಂಚಕ್ಕ, ಕಿಡಕಿ ಸಳಿಗೆ ತಟ್ಟೂದು, ನಮ್ಮ ಮಾರಿ ನೋಡೂದು. ಏನಂತು, ಏನಂತು ಅಂತ ಕೇಳೂದು. ಏನ ಹೇಳಬೇಕಂತ ನಮಗ ತಿಳಿತಿದ್ದಿಲ್ಲರಿ."

ನನಗೆ ತಿಳಿದಿತ್ತು. ಆ ಮನೆಗೆ ಬೈಕಿನಲ್ಲಿ ಹತ್ತು ನಿಮಿಷದ ದಾರಿ. ನಾನು ಹೋಗಿರಲಿಲ್ಲ.

ಅತ್ತೆಯ ಮಾತಿನ ಮೇಲೆ ಹೊಸ ಸುತ್ತಿಗೆ ತರುವುದೆಂದು ಹಬ್ಬದ ದಿನವೇ ತೀರ್ಮಾನವಾಯಿತು. ಹಳೆಯದನ್ನು ಹಿತ್ತಲಿಗೆ ಒಯ್ದೆ. ಅಲ್ಲಿ ಕಿಟಕಿಯ ಕಬ್ಬಿಣದ ಸಳಿಗೆ ಒಂದು ಸಲ ತಟ್ಟಿದೆ. ಸದ್ದು ಪೂರ್ತಿ ಮುಗಿಯುವ ತನಕ, ಇನ್ನೇನೂ ಉಳಿದಿಲ್ಲ ಎನ್ನುವ ತನಕ ನಿಂತು ಕೇಳಿದೆ.

"ಟಣ್ ಅಂತುರಿ ಕಾಕಾ," ಅಂದೆ. "ಛಲೋ ಐತಿ."

ಒಳಗಿಂದ ಹೆಂಡತಿ, "ಯಾರ ಕೂಡ ಮಾತಾಡಾಕತ್ತೀರಿ?" ಎಂದು ಕೇಳಿದಳು. ನನಗೆ ಕೇಳಿಸಿತು.